ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸವೆದ ಚಾಕು

ಹೋದ ತಿಂಗಳವರೆಗೂ ನನ್ನ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಮಡಚುವ ಚಾಕು ಇತ್ತು. ಅದರಲ್ಲಿ ಈಗ ಒಂದು ಹಸಿಮೆಣಸಿನಕಾಯಿ ಹೆಚ್ಚುವುದೂ ಕಷ್ಟ. ಅಲಗು ಸವೆದೂ ಸವೆದೂ ಬೇವಿನೆಲೆಯಷ್ಟು ಕಿರಿದಾಗಿದೆ. ಉಗುರು ಸಿಕ್ಕಿಸಿ ಬಿಡಿಸಲೆಂದು ಅಲಗಿನ ಬೆನ್ನಿನ ಕಡೆ ಕೊರೆದಿದ್ದ ಗೀಟು ಈಗ ಬಾಯಿಯ ಅಂಚಿಗೇ ಬಂದು ಕೂತಿದೆ. ಸೊಸೆ ಎರಡು ಸಲ ಅದನ್ನು ಗುಜರಿಗೆ ಹಾಕಲು ನೋಡಿದಳು, ಎರಡು ಸಲವೂ ನಾನು ರಂಪ ಮಾಡಿ ಉಳಿಸಿಕೊಂಡೆ. ಯಾಕೆ ಎಂದು ಅವಳು ಕೇಳಿದಾಗ ನಮ್ಮ ಅಜ್ಜನ ಕಾಲದ್ದು ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ದೆವ್ವ ಕಂಡೆ ಎಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದರೂ ಮಟಮಟ ಮಧ್ಯಾಹ್ನ ಎಲ್ಲಾದರೂ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಬೆನ್ನು ತಣ್ಣಗಾಗುತ್ತದೆ.

ನಾವಿದ್ದದ್ದು ಮಳವಳ್ಳಿಯಿಂದ ಶಿವನಸಮುದ್ರದ ಕಡೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ. ನಾಡಹೆಂಚಿನ ಉದ್ದನೆ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಬಲಕ್ಕೆ ಕಿಟಕಿಯೇ ಇಲ್ಲದ ಕೋಣೆ, ಹಿಂದೆ ಅಡುಗೆಮನೆ, ಅದನ್ನು ದಾಟಿದರೆ ಹಿತ್ತಿಲು. ವರ್ಷದಲ್ಲಿ ಐದಾರು ಸಲ ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು ಬರುತ್ತಿದ್ದವು. ಆಗ ನಾವು ಮಕ್ಕಳು ಕಾಲು ಮಡಚಿಕೊಂಡು ಗೋಡೆಗೆ ಅಂಟಿ ಮಲಗಬೇಕು, ಸೀನಿದರೂ ಬೈಗುಳ. ಇಡೀ ಮನೆ ಹುಳು ಸೊಪ್ಪು ಮೇಯುವ ಸದ್ದಿನಲ್ಲಿ ಇರುತ್ತಿತ್ತು. ಅಜ್ಜ ತನ್ನ ಇಬ್ಬರು ಗಂಡುಮಕ್ಕಳಿಗೂ ಮಳವಳ್ಳಿ ಸಂತೆಯಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಎರಡು ಚಾಕು ಕೊಡಿಸಿದ್ದನಂತೆ. ಬೀಟೆಮರದ ಹಿಡಿ, ಹಿತ್ತಾಳೆಯ ಮೊಳೆ. ಒಂದು ನಮ್ಮಪ್ಪನಿಗೆ, ಇನ್ನೊಂದು ನನ್ನ ಚಿಕ್ಕಪ್ಪ ನಿಂಗಣ್ಣನಿಗೆ. ಒಬ್ಬರದ್ದು ಹೆಚ್ಚು ಒಬ್ಬರದ್ದು ಕಮ್ಮಿ ಎಂದು ಆಗಬಾರದು ಎನ್ನುವ ಲೆಕ್ಕ ಅಜ್ಜನದು. ಅಪ್ಪ ತನ್ನದರಲ್ಲಿ ಹಗ್ಗ ಕೊಯ್ಯುತ್ತಿದ್ದ, ಕಬ್ಬು ಸುಲಿಯುತ್ತಿದ್ದ, ಮುಖ್ಯವಾಗಿ ಹೊಗೆಸೊಪ್ಪು ಕತ್ತರಿಸುತ್ತಿದ್ದ. ಚಿಕ್ಕಪ್ಪ ಹೊಗೆಸೊಪ್ಪಿನ ವಾಸನೆಗೇ ಮೂಗು ಮುಚ್ಚುವವನು. ವಾರಕ್ಕೊಮ್ಮೆ ಹಿತ್ತಿಲಿನ ಮಸೆಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ನೀರು ಹನಿಸಿ, ಅಲಗನ್ನು ಮಸೆದು, ಮುಂಗೈಯ ಕೂದಲು ಕೆರೆದು ನೋಡಿ, ಸರಿಯಾಗಿದೆ ಎಂದರೆ ನನಗೆ ಒಂದು ಕಬ್ಬಿನ ಗಿಣ್ಣು ಸುಲಿದುಕೊಡುತ್ತಿದ್ದ. ಅವನ ಬಗ್ಗೆ ನನಗೆ ಸ್ಪಷ್ಟವಾಗಿ ನೆನಪಿರುವುದು ಅಷ್ಟೇ.

ಅವನಿಗೆ ಕಾಮಾಲೆಯಾಯಿತು. ಕಬ್ಬಿನ ಹಾಲು ಕುಡಿದರೆ ಇಳಿಯುತ್ತದೆ ಎಂದರು, ನಾಟಿ ಔಷಧಿ ತಂದರು, ಕೊನೆಗೆ ಮಂಡ್ಯದ ಆಸ್ಪತ್ರೆಗೂ ಒಯ್ದರು. ಹದಿನೈದು ದಿನಕ್ಕೆ ಹೋಗಿಬಿಟ್ಟ. ಹಾಸಿಗೆಯಲ್ಲಿ ಹಳದಿಯಾಗಿ ಕೂತುಕೊಂಡೇ ತನ್ನ ಚಾಕುವಿನಲ್ಲಿ ಕಬ್ಬು ಸುಲಿಯುತ್ತಿದ್ದನಂತೆ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಮಕ್ಕಳಾಗಿರಲಿಲ್ಲ. ಅವನ ಹೆಂಡತಿ ಪುಟ್ಟತಾಯಿ, ನನ್ನ ಚಿಕ್ಕವ್ವ, ಆಗ ಇಪ್ಪತ್ತು ದಾಟಿದ್ದರೆ ಹೆಚ್ಚು. ಅಜ್ಜಿ ಮಗನ ಎರಡು ಜೊತೆ ಬಟ್ಟೆ, ಒಂದು ಟವಲು, ಆ ಚಾಕು, ಇಷ್ಟನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಕೋಣೆಯೊಳಗೆ ಸೇರಿಸಿ ಬೀಗ ಹಾಕಿದಳು. ಬೀಗದಕೈ ಅವಳ ಸೊಂಟದ ಎಲೆಚೀಲದಲ್ಲಿ. ಸ್ನಾನಕ್ಕೆ ಹೋಗುವಾಗಲೂ ಆ ಚೀಲ ಬಿಡುತ್ತಿರಲಿಲ್ಲ ನಮ್ಮ ಅಜ್ಜಿ.

ಆ ಪೆಟ್ಟಿಗೆ ತೆಗೆಯುವುದು ವರ್ಷಕ್ಕೆ ಒಂದೇ ದಿನ, ಪಕ್ಷದ ಹಬ್ಬಕ್ಕೆ. ನಮ್ಮ ಕಡೆ ಆವತ್ತು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಲೆಯ ಮೇಲೆ ಅನ್ನ, ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಬಡಿಸಿ, ಪಕ್ಕದಲ್ಲಿ ಹೊಸಬಟ್ಟೆ ಮತ್ತು ಅವರು ಬದುಕಿದ್ದಾಗ ಇಷ್ಟಪಟ್ಟು ಬಳಸಿದ ಸಾಮಾನು ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಗೆ ಬಂದು ಕೂರುವುದು. ಒಳಗೆ ಅವರು ಬಂದು ಉಣ್ಣುತ್ತಾರೆ. ಆಮೇಲೆ ಕೆಮ್ಮಿ ಸದ್ದು ಮಾಡಿಯೇ ಬಾಗಿಲು ತಳ್ಳಬೇಕು. ಚಿಕ್ಕಪ್ಪ ಹೋದ ಮೊದಲ ವರ್ಷ ಪೆಟ್ಟಿಗೆಯಿಂದ ಚಾಕು ತೆಗೆದಾಗ ಮಳೆಗಾಲದ ಥಂಡಿಗೆ ಪೂರಾ ತುಕ್ಕು ಹಿಡಿದಿತ್ತಂತೆ. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಹಬ್ಬವಿಡೀ ಅತ್ತಳಂತೆ.

ಎರಡನೇ ವರ್ಷದ್ದು ನನಗೇ ನೆನಪಿದೆ. ಅಜ್ಜಿ ಬೀಗ ತೆಗೆದಳು. ಟವಲಿನ ಮಡಿಕೆಯಿಂದ ಚಾಕು ತೆಗೆದು ಬಿಡಿಸಿದಳು. ಅಲಗು ಫಳಫಳ ಹೊಳೆಯುತ್ತಿತ್ತು. ಅಜ್ಜಿ ಅಪ್ಪನ ಜೇಬಿಗೆ ಕೈಹಾಕಿ ಅವನ ಚಾಕು ತೆಗೆದು, ಎರಡನ್ನೂ ಎಲೆಯ ಪಕ್ಕ ಜೋಡಿಸಿಟ್ಟಳು. ವರ್ಷವಿಡೀ ದುಡಿದ ಚಾಕು, ವರ್ಷವಿಡೀ ಬೀಗದೊಳಗೆ ಮಲಗಿದ್ದ ಚಾಕು, ಎರಡೂ ಒಂದೇ ಅಳತೆಗೆ ಸವೆದಿದ್ದವು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಅಜ್ಜಿ ಮಾತ್ರ ನಗುತ್ತಿದ್ದಳು.

"ನಿಂಗ ಬಂದು ಓಯ್ತಾವ್ನೆ ಕಣ್ಲಾ. ನನ್ ಮಗ ಎಲ್ಲೂ ಓಗಿಲ್ಲ, ಮನೇಲೇ ಅವ್ನೆ."

ಆ ಹಬ್ಬದ ಮರುವಾರವೇ ಚಿಕ್ಕವ್ವನ ಅಣ್ಣ ಅವಳನ್ನು ಕರೆದುಕೊಂಡು ಹೋಗಲು ಬಂದ. ಗೆಜ್ಜಲಗೆರೆ ಕಡೆಯ ಒಬ್ಬರಿಗೆ ಹೆಂಡತಿ ಸತ್ತಿದ್ದಾಳೆ, ಎರಡು ಮಕ್ಕಳಿದ್ದಾವೆ, ವಯಸ್ಸು ಸ್ವಲ್ಪ ಜಾಸ್ತಿ, ಆದರೆ ಒಳ್ಳೆಯ ಜನ, ಕೂಡಿಕೆ ಮದುವೆ ಮಾಡಿಬಿಡೋಣ ಎಂದ. ನಮ್ಮಪ್ಪನಿಗೆ ಅದು ಒಪ್ಪಿಗೆಯೇ. ಚಿಕ್ಕವ್ವ ಬಾಗಿಲ ಮರೆಯಲ್ಲಿ ನಿಂತು ಬೇಡ, ನಾನು ಈ ಮನೆಯಲ್ಲೇ ಇರುತ್ತೇನೆ ಎಂದು ನಮ್ಮವ್ವನ ಹತ್ತಿರ ಗೋಗರೆಯುತ್ತಿದ್ದಳು. ಅವಳ ಮಾತನ್ನು ಯಾರು ಕೇಳಬೇಕು? ಕೊನೆಗೆ ಅಜ್ಜಿಯೇ ಎದ್ದು ಬಂದು ಹೇಳಿದಳು, ಗಂಡ ಈ ಮನೆಗೆ ಬಂದು ಹೋಗಿ ಮಾಡುತ್ತಿರುವಾಗ ಹೆಂಡತಿಯನ್ನು ಇನ್ನೊಬ್ಬರ ಮನೆಗೆ ಕಳಿಸುವುದು ಎಲ್ಲಾದರೂ ಉಂಟಾ ಎಂದು. ಅಣ್ಣ ಅಪ್ಪನ ಮುಖ ನೋಡಿದ, ಅಪ್ಪ ನೆಲ ನೋಡಿದ. ಅಲ್ಲಿಗೆ ಮಾತು ಮುಗಿಯಿತು. ಅಂದರೆ, ಚಿಕ್ಕವ್ವ ನಮ್ಮ ಮನೆಯಲ್ಲಿ ಉಳಿದದ್ದು ಆ ಚಾಕುವಿನ ಬಲದ ಮೇಲೆ.

ನನಗೋ ಜೀವ ಬಾಯಿಗೆ ಬಂದಿತ್ತು. ಎಲ್ಲರೂ ಹೊಲಕ್ಕೆ ಹೋಗಿ, ನಾನೂ ಅಜ್ಜಿಯೂ ಇಬ್ಬರೇ ಇರುವ ಮಧ್ಯಾಹ್ನಗಳಲ್ಲಿ ಹಿತ್ತಿಲಿನಿಂದ ಸರ್‍ರ್, ಸರ್‍ರ್ ಎಂದು ಮಸೆಯುವ ಸದ್ದು ಬರುತ್ತಿತ್ತು. ನಾನು ಅಜ್ಜಿಯ ಸೆರಗಿನೊಳಗೆ ತೂರಿಕೊಳ್ಳುತ್ತಿದ್ದೆ. ಅವಳು ನನ್ನ ಬಾಯಿಯ ಮೇಲೆ ಕೈಯಿಟ್ಟು, ಸುಮ್ಮನಿರು, ಬಂದಿದ್ದಾನೆ, ಹೋಗಿ ನೋಡಿದರೆ ಮತ್ತೆ ಬರುವುದಿಲ್ಲ ಎನ್ನುತ್ತಿದ್ದಳು. ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ಸಂತೋಷ. ನನಗೆ ಊಟ ಸೇರದಾಯಿತು, ಹಗಲುಹೊತ್ತಲ್ಲೂ ಒಬ್ಬಳೇ ಬಚ್ಚಲಿಗೆ ಹೋಗದಾದೆ. ಒಂದು ದಿನ ಮೈ ಕೆಂಡದಂತೆ ಸುಟ್ಟಿತು. ತಾಯತ ಕಟ್ಟಿಸಿದರು, ಬೇವಿನಸೊಪ್ಪು ನಿವಾಳಿಸಿದರು, ಜ್ವರ ಬಿಡಲಿಲ್ಲ. ನಾಲ್ಕನೆಯ ದಿನ ಚಿಕ್ಕವ್ವ ನನ್ನನ್ನು ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಮುಂದೆ ಮಾಡಿದಳು. ಪೆಟ್ಟಿಗೆಯ ಹಿಂಬದಿಯ ಬಿಜಾಗರಿಯಿಂದ ಒಂದು ಕಬ್ಬಿಣದ ಕಡ್ಡಿಯನ್ನು ಹಿರಿದಳು. ಮುಂದಿನ ಬೀಗ ಹಾಗೇ ಇತ್ತು, ಮುಚ್ಚಳ ಹಿಂದಿನಿಂದ ಎದ್ದಿತು.

"ನಿಮ್ ಚಿಕ್ಕಪ್ಪ ಅಲ್ಲ ಕಣ್ ಕೂಸೆ, ನಾನು. ದೆವ್ವ ಇಲ್ಲ ಏನಿಲ್ಲ, ಎದರ್ಕಬ್ಯಾಡ. ಯಾರ್ಗೂ ಏಳ್ಬ್ಯಾಡ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ತುಕ್ಕು ನೋಡಿ ಅತ್ತೆ ಮತ್ತೆ ಅಳಬಾರದು ಎಂದು ಮೊದಲ ಸಲ ಕದ್ದು ತೆಗೆದು ಉಜ್ಜಿದ್ದಳಂತೆ. ಕೈಯಲ್ಲಿ ಹಿಡಿದರೆ ಗಂಡನ ಪಕ್ಕ ಕೂತ ಹಾಗೆ ಆಯಿತಂತೆ, ಬಿಡಲಾಗಲಿಲ್ಲ. ಸೊಪ್ಪು ಬಿಡಿಸಲು ಹೊಲಕ್ಕೆ ಹೋದವಳು ಹಿಂದಿನ ದಾರಿಯಲ್ಲಿ ಬಂದು, ಅವನು ಕೂರುತ್ತಿದ್ದ ಜಾಗದಲ್ಲೇ ಕೂತು ಮಸೆದು ಹೋಗುತ್ತಿದ್ದಳು. ತುಕ್ಕು ಬರದಿರಲೆಂದು ತಾನು ತಲೆಗೆ ಹಚ್ಚುವ ಹರಳೆಣ್ಣೆಯನ್ನೇ ಸವರುತ್ತಿದ್ದಳು. ಅಜ್ಜಿ ಎರಡು ಚಾಕು ಜೋಡಿಸಿಟ್ಟು ಹಾಗೆ ಹೇಳಿದ ಮೇಲೆ, ಇನ್ನು ನಿಲ್ಲಿಸುವ ಹಾಗೇ ಇರಲಿಲ್ಲ. ಭಾವನ ಚಾಕು ಎಷ್ಟು ಸವೆದಿದೆ ಎಂದು ಗೋಡೆಯ ಗೂಡಿನಲ್ಲಿಟ್ಟಾಗ ನೋಡಿಕೊಂಡು, ಅಷ್ಟಕ್ಕೇ ಇದನ್ನೂ ತಂದು ನಿಲ್ಲಿಸುತ್ತಿದ್ದಳು. ನನ್ನ ಜ್ವರ ಆ ಸಂಜೆಯೇ ಇಳಿಯಿತು. ತಾಯತ ಕಟ್ಟಿದವನಿಗೆ ನಮ್ಮವ್ವ ತೆಂಗಿನಕಾಯಿ ಕೊಟ್ಟು ಕಳಿಸಿದಳು. ಒಂದು ಮಗುವಿನ ಜ್ವರ ಬಿಡಿಸಲು ಅವಳು ತನ್ನ ಜುಟ್ಟನ್ನೇ ಆ ಮಗುವಿನ ಕೈಗೆ ಕೊಟ್ಟಿದ್ದಳು ಎಂದು ನನಗೆ ಅರ್ಥವಾಗಲು ಎಷ್ಟು ವರ್ಷ ಬೇಕಾಯಿತು!

ಆಮೇಲಿನ ಎರಡು ವರ್ಷ ನನ್ನ ಬಾಲ್ಯದ ಒಳ್ಳೆಯ ದಿನಗಳು. ಮಧ್ಯಾಹ್ನ ಸದ್ದು ಬಂದರೆ ಅಜ್ಜಿಯ ಪಕ್ಕ ಕಣ್ಣು ಮುಚ್ಚಿ ಮಲಗಿಕೊಂಡು ಒಳಗೊಳಗೇ ನಗುತ್ತಿದ್ದೆ. ಒಮ್ಮೊಮ್ಮೆ ಹಿತ್ತಿಲಿಗೆ ನುಸುಳಿದರೆ ಚಿಕ್ಕವ್ವ ನನ್ನ ಕೈ ಹಿಡಿದು ಮಸೆಯುವುದು ಕಲಿಸುತ್ತಿದ್ದಳು. ಅಲಗನ್ನು ಎಷ್ಟು ಓರೆ ಹಿಡಿಯಬೇಕು, ಯಾವ ಕಡೆಗೆ ಎಳೆಯಬೇಕು, ಎಲ್ಲ. ಚಾಕುವನ್ನು ಮಾತ್ರ ಯಾವತ್ತೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಹಾಗೆ ಕೊಟ್ಟರೆ ಇಬ್ಬರ ನಡುವೆ ಜಗಳ ಬಂದು ದೂರವಾಗುತ್ತಾರೆ ಎಂದು ನಮ್ಮ ಕಡೆ ನಂಬಿಕೆ. ಅವಳು ನೆಲಕ್ಕಿಡುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ.

ಆ ಎರಡು ವರ್ಷ ಕಳೆದು ಬಂದ ಪಕ್ಷಕ್ಕೆ ಮೂರು ದಿನ ಇರುವಾಗ ಚಿಕ್ಕವ್ವ ಹೊರಗಾದಳು. ಆಗೆಲ್ಲ ಮುಟ್ಟಾದ ಹೆಂಗಸರು ಮೂರು ದಿನ ಮನೆಯೊಳಗೆ ಕಾಲಿಡುವಂತಿಲ್ಲ, ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಚಾಪೆ, ತಟ್ಟೆ, ಚೊಂಬು. ಊಟ ಕೊಂಡೊಯ್ಯುವ ಕೆಲಸ ನನ್ನದು. ಎರಡನೆಯ ದಿನ ಅವಳು ಮುದ್ದೆ ಮುರಿಯುತ್ತ, ಭಾವ ಮೊನ್ನೆ ತಾನೇ ಸಾಣೆಯವನ ಹತ್ತಿರ ಹಿಡಿಸಿಕೊಂಡು ಬಂದರು, ಅವರದ್ದು ಇನ್ನೂ ಸವೆಯಿತು, ನಮ್ಮದು ಹಿಂದೆ ಬಿತ್ತು ಎಂದಳು. ಆಮೇಲೆ ತಾನೇ, ಹೋಗಲಿ ಬಿಡು, ಈ ಸಲ ಹಾಗೇ ಇರಲಿ ಎಂದಳು. ಮಾಡು ಎಂದು ನನಗೆ ಹೇಳಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಅವಳು ನನಗೆ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ, ಅಜ್ಜಿ ನಡುಮನೆಯಲ್ಲಿ ಮಲಗಿದ್ದಳು, ಅವ್ವ ಗದ್ದೆಯ ಕಡೆ ಹೋಗಿದ್ದಳು. ಗೂಡಿನಿಂದ ಅಪ್ಪನ ಚಾಕು ತೆಗೆದುಕೊಂಡೆ. ಬಿಜಾಗರಿಯ ಕಡ್ಡಿ ಹಿರಿಯುವಾಗ ಹೆಬ್ಬೆರಳು ಉದ್ದಕ್ಕೆ ಸೀಳಿತು. ರಕ್ತವನ್ನು ಲಂಗಕ್ಕೆ ಒರೆಸಿಕೊಂಡು ಚಿಕ್ಕಪ್ಪನ ಚಾಕುವನ್ನೂ ತೆಗೆದು, ಎರಡನ್ನೂ ಹಿತ್ತಿಲಿನ ಕಲ್ಲಿನ ಮೇಲೆ ಇಟ್ಟುಕೊಂಡು ಕೂತೆ. ಚಪ್ಪರ ಕೊಟ್ಟಿಗೆಯ ಆಚೆ, ಚಿಕ್ಕವ್ವನಿಗೆ ನಾನು ಕಾಣುತ್ತಿರಲಿಲ್ಲ. ಅವಳಿಗೆ ಹಬ್ಬದ ದಿನ ಗೊತ್ತಾಗಲಿ, ಆಗ ನೋಡು ಅವಳ ಮುಖ ಎಂದು ಹಿಗ್ಗಿಕೊಂಡು ಮಸೆದೆ. ಹತ್ತು ಸಲ ಎಳೆದಿರಬೇಕು, ಎರಡೂ ಸಮವಾದವು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಅಜ್ಜಿಯ ಧ್ವನಿ ಬಂತು. ನಿದ್ದೆಯಲ್ಲಿದ್ದ ಕೂಸನ್ನು ಮಾತಾಡಿಸುವ ಹಾಗೆ, ಅಷ್ಟು ಮೆಲ್ಲಗೆ.

"ಅಬ್ಬಕ್ಕೆ ಬಂದ್ಯಾ ಮಗಾ? ಉಣ್ಕಂಡೇ ಓಗು. ನಾಳೀಕ್ ಕೋಳಿ ಕುಯ್ಸ್ತೀನಿ ಕಣಪ್ಪಾ."

ನನ್ನ ಕೈ ನಿಂತಿತು. ಅದುವರೆಗೆ ಅಜ್ಜಿಯ ನಂಬಿಕೆ ನನಗೊಂದು ಆಟವಾಗಿತ್ತು. ಸತ್ತವನನ್ನು ಕರೆಯುವ ಆ ಮಾತಿಗೆ ಓಗೊಡಬೇಕಾದವಳು ಈಗ ನಾನು ಎಂದು ಅನಿಸಿತು. ನನ್ನ ಹಿಂದೆ ನಿಜವಾಗಿಯೂ ಯಾರೋ ನಿಂತಿದ್ದಾರೆ ಎಂದುಕೊಂಡೆ. ತಿರುಗಿ ನೋಡದೆ ಎರಡು ಚಾಕುವನ್ನೂ ಒಟ್ಟಿಗೆ ಲಂಗದಲ್ಲಿ ಸುತ್ತಿಕೊಂಡು ಓಡಿದೆ. ನೋಡಿದರೆ ಅವನು ಮತ್ತೆ ಬಾರನೆಂದು ಕಣ್ಣು ಮುಚ್ಚಿಕೊಂಡೇ ಮಲಗಿದ್ದ ಅಜ್ಜಿಯನ್ನು ದಾಟಿ ಹೋಗಿ, ಒಂದನ್ನು ಪೆಟ್ಟಿಗೆಗೆ ಹಾಕಿ ಕಡ್ಡಿ ತೂರಿಸಿದೆ, ಇನ್ನೊಂದನ್ನು ಗೂಡಿಗೆ ಇಟ್ಟೆ. ಯಾವುದು ಯಾವುದು ಎಂದು ನೋಡಲಿಲ್ಲ. ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡೆ. ಸಂಜೆ ಅವ್ವ ಏನಾಯಿತೇ ಎಂದಾಗ ತಗಡು ತಾಗಿತು ಎಂದೆ.

ಹಬ್ಬದ ಬೆಳಗ್ಗೆ ಚಿಕ್ಕವ್ವ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು, ವಡೆ ತಟ್ಟಲು ಕೂತಳು. ಎಡೆ ಬಡಿಸಿದ ಮೇಲೆ ಅಜ್ಜಿ ಪೆಟ್ಟಿಗೆ ತೆಗೆದು, ಚಾಕು ಬಿಡಿಸಿ, ವರ್ಷವೂ ಮಾಡುವ ಹಾಗೆ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡವಳು ಹಾಗೇ ನಿಂತಳು. ಮತ್ತೆ ಮೂಗಿನ ಹತ್ತಿರ ಹಿಡಿದಳು. ಹಿಡಿಯ ಸಂದಿಯಿಂದ ಉಗುರಲ್ಲಿ ಏನನ್ನೋ ಕೆರೆದು ಅಂಗೈಯಲ್ಲಿ ನೋಡಿದಳು. ಹೊಗೆಸೊಪ್ಪಿನ ಪುಡಿ. ಅಪ್ಪ ತನ್ನ ಜೇಬಿನಲ್ಲಿದ್ದದ್ದನ್ನು ತೆಗೆದು ಬಿಡಿಸಿದ. ಅದರ ಮೊಳೆಯ ಬುಡದಲ್ಲಿ ಜಿಡ್ಡು, ಹರಳೆಣ್ಣೆಯ ವಾಸನೆ. ಮನೆಯಲ್ಲಿ ಹರಳೆಣ್ಣೆ ಹಚ್ಚುವವಳು ಒಬ್ಬಳೇ. ಬೆಳಗ್ಗೆ ಗೂಡಿನಿಂದ ತೆಗೆದಾಗಲೇ ಬಿಡಿಸುವುದು ಸಲೀಸು ಅನಿಸಿತು, ನಿನ್ನೆ ಬೆಳಗ್ಗೆವರೆಗೂ ಇದು ನನ್ನದೇ ಆಗಿತ್ತು ಎಂದ ಅಪ್ಪ. ನಿನ್ನೆ ಎಂದರೆ ಅವಳು ಹೊರಗೆ ಕೂತಿದ್ದ ದಿನ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಮುಟ್ಟಾದೋಳು ಒಳೀಕ್ ಬಂದು ನನ್ ಮಗನ್ ಪೆಟ್ಗೆ ಮುಟ್ದ್ಯಾ?" ಎಂದಳು ಅಜ್ಜಿ.

ಚಿಕ್ಕವ್ವ ಎಡೆಯನ್ನು ನೋಡಿದಳು, ಎರಡು ಚಾಕುವನ್ನು ನೋಡಿದಳು. ಆಮೇಲೆ ನನ್ನ ಹೆಬ್ಬೆರಳಿನ ಅರಿಶಿನದ ಬಟ್ಟೆಯನ್ನು ನೋಡಿದಳು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ಮೂರು ದಿನ ಚಪ್ಪರ ಬಿಟ್ಟು ಕದಲಿರಲಿಲ್ಲ, ಅದನ್ನು ಹೇಳಿದ್ದರೆ ಸಾಕಿತ್ತು. ಪೆಟ್ಟಿಗೆ ತೆಗೆದವಳು ನಾನು, ಆಟಕ್ಕೆ ತೆಗೆದೆ ಎಂದು ನಾನು ಹೇಳಿದ್ದರೂ ಸಾಕಿತ್ತು. ಎರಡು ಏಟು ಬೀಳುತ್ತಿದ್ದವು, ಅಷ್ಟೇ.  ಅಜ್ಜಿಯ ಮುಖ ನೋಡಿ ಇನ್ನೂ ಹಿಂದಕ್ಕೆ ಸರಿದೆ.

"ಊಂ ಅತ್ತೆ, ನಾನೇ," ಎಂದಳು ಚಿಕ್ಕವ್ವ.

ಅಜ್ಜಿ ಬೈಯಲಿಲ್ಲ. ಅವಳು ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಎಡೆಯ ಮುಂದೆ ಮೆಲ್ಲಗೆ ಕೂತು, ಸೊಸೆಯ ಮುಖವನ್ನೇ ನೋಡುತ್ತ ಕೇಳಿದಳು.

"ಅಂಗಾರೆ ಅವ್ನು ಬತ್ತಾನೇ ಇರ್ನಿಲ್ವಾ?"

 ಆವತ್ತು ಬಾಗಿಲು ಮುಂದೆ ಮಾಡಲಿಲ್ಲ, ಯಾರೂ ಜಗಲಿಗೆ ಹೋಗಿ ಕೂರಲಿಲ್ಲ. ಮೈಲಿಗೆಯಾದ ಎಡೆಯನ್ನು ಅಪ್ಪ ಎಲೆಸಮೇತ ಎತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಎದ್ದು, ಇವಳ ಅಣ್ಣನಿಗೆ ಹೇಳಿ ಕಳಿಸು ಎಂದಳು. ಅಷ್ಟು ಬಿಟ್ಟರೆ ತಾನು ಸಾಯುವವರೆಗೆ ಆ ಮಾತನ್ನು ಎತ್ತಲಿಲ್ಲ, ಬೀಗದಕೈಯನ್ನು ಎಲೆಚೀಲದಿಂದ ತೆಗೆದು ಎಲ್ಲಿ ಬಿಸಾಡಿದಳೋ ಗೊತ್ತಿಲ್ಲ. ಮಧ್ಯಾಹ್ನ ಮಾತ್ರ ಮಲಗುತ್ತಿರಲಿಲ್ಲ, ಹಿತ್ತಿಲ ಬಾಗಿಲಿಗೆ ಬೆನ್ನುಕೊಟ್ಟು ಸುಮ್ಮನೆ ಕೂತಿರುತ್ತಿದ್ದಳು. ನಾನು ಅವಳ ಹತ್ತಿರ ಹೋಗುವುದನ್ನು ಬಿಟ್ಟೆ.

ಚಿಕ್ಕವ್ವ ಹೋಗುವ ದಿನ ಅವಳ ಅಣ್ಣ ಜಗಲಿಯಲ್ಲಿ ಕಾಯುತ್ತಿದ್ದ. ಅವಳಿಗಿದ್ದದ್ದು ಒಂದು ಬಟ್ಟೆಯ ಗಂಟು. ನಾನು ಹಿತ್ತಿಲಿನಲ್ಲಿ ಅಡಗಿದ್ದೆ, ಅಲ್ಲಿಗೇ ಹುಡುಕಿಕೊಂಡು ಬಂದಳು. ಅಜ್ಜಿ ಚಿಕ್ಕಪ್ಪನ ಚಾಕುವನ್ನು ಅವಳ ಮುಂದೆ ಬಿಸಾಕಿ, ನೀನೇ ತಗೊಂಡು ಹೋಗು ಎಂದಿದ್ದಳಂತೆ. ಅದನ್ನು ನನಗೆ ಕೊಡಲು ಬಂದಿದ್ದಳು. ಕೈಗೆ ಕೊಡಲಿಲ್ಲ, ಮಸೆಗಲ್ಲಿನ ಪಕ್ಕ ನೆಲಕ್ಕಿಟ್ಟಳು.

"ಕೈಗ್ ಕೊಟ್ರೆ ಜಗಳ ಆಯ್ತದೆ. ನಾನ್ ಓದ್ಮೇಲೆ ಎತ್ಕೊ," ಎಂದು ನನ್ನ ತಲೆ ಸವರಿ ಹೋದಳು.

ಅವಳು ಗೆಜ್ಜಲಗೆರೆ ಕಡೆಯ ಆ ಮನೆಗೇ ಹೋದಳು. ಕೆಟ್ಟ ಬಾಳೇನೂ ಆಗಲಿಲ್ಲ ಎಂದು ಕೇಳಿದ್ದೇನೆ. ಹಾಗೆ ಕೇಳಿದಾಗಲೆಲ್ಲ ನನಗೆ ಸಮಾಧಾನವಾಗುವ ಬದಲು ಸಿಟ್ಟು ಬರುತ್ತಿತ್ತು, ನನ್ನ ಮೇಲೇ. ಮದುವೆ ಮುಂಜಿಗಳಲ್ಲಿ ಅವಳು ಎದುರಾದರೆ ನಾನು ಚಪ್ಪರದ ಇನ್ನೊಂದು ತುದಿಗೆ ಹೋಗುತ್ತಿದ್ದೆ. ತಿಂಗಳಿಗೊಮ್ಮೆ ಚಾಕು ತೆಗೆದು ಮಸೆಯುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಮಧ್ಯಾಹ್ನವೇ.  ನಾನು ಎಳೆದೂ ಎಳೆದೂ ಇನ್ನು ಸವೆಯಲು ಅದರಲ್ಲಿ ಕಬ್ಬಿಣವೇ ಉಳಿದಿಲ್ಲ.

ಹೋದ ತಿಂಗಳು ಚಿಕ್ಕವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು ಎಂದು ಗೊತ್ತಾಯಿತು. ಇನ್ನು ತಡಮಾಡಿದರೆ ಆಗದು ಎಂದು ಚಾಕುವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹೈವೇ ಪಕ್ಕದ ತಾರಸಿ ಮನೆ. ಅವಳ ಸವತಿಯ ಮಗ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವನು ಅವಳಿಗೆ ಗಂಜಿ ಕುಡಿಸುತ್ತಿದ್ದ, ಅವ್ವ ಅವ್ವ ಎನ್ನುತ್ತಿದ್ದ. ನನ್ನನ್ನು ಕಂಡು ಕುರ್ಚಿ ಎಳೆದು ಹಾಕಿ ಹೊರಗೆ ಹೋದ. ಅವಳ ಮೈ ಇಳಿದು ಚಾದರದ ಕೆಳಗೆ ಮನುಷ್ಯರೇ ಇಲ್ಲದ ಹಾಗೆ ಕಾಣುತ್ತಿತ್ತು. ಕೋಣೆಯಲ್ಲಿ ಹರಳೆಣ್ಣೆಯ ವಾಸನೆ. ಜೀವಮಾನವಿಡೀ ಮಕ್ಕಳಿಗೆ ಜೋರಾಗಿ ಪಾಠ ಹೇಳಿದ ನನ್ನ ಬಾಯಿಯಿಂದ ನಾಲ್ಕು ಮಾತು ಬರಲು ಅರ್ಧ ಗಂಟೆ ಬೇಕಾಯಿತು. ಆವತ್ತು ಪೆಟ್ಟಿಗೆ ತೆಗೆದವಳು ನಾನು, ಅದಲುಬದಲು ಮಾಡಿದವಳು ನಾನು, ಬಾಯಿಮುಚ್ಚಿಕೊಂಡು ನಿಂತವಳು ನಾನು ಎಂದೆ. ಹೇಳುತ್ತ ಅತ್ತುಬಿಟ್ಟೆ.

"ನೀನ್ಯಾಕ್ ತಗೀತೀಯೆ? ನಾನೇ ಕಣ್ ಕೂಸೆ ಒಳೀಕ್ ಬಂದಿದ್ದು. ನೀನ್ ಚಿಕ್ಕೋಳು, ನಿಂಗ್ ನೆಪ್ಪಿಲ್ಲ," ಎಂದಳು.

ಹೇಳುತ್ತಿದ್ದಾಗ ಅವಳ ಬೆರಳು ನನ್ನ ಹೆಬ್ಬೆರಳ ಹಳೆಯ ಗಾಯದ ಗೆರೆಯ ಮೇಲೆ ಆಡುತ್ತಿತ್ತು. ಇಷ್ಟು ವರ್ಷದ ಮೇಲೂ ಆ ಸುಳ್ಳನ್ನು ಅವಳು ಬಿಟ್ಟುಕೊಡಲಿಲ್ಲ. ನನಗೆ ತಡೆಯಲಾಗದೆ ಕರ್ಚೀಫು ಬಿಚ್ಚಿ ಚಾಕುವನ್ನು ತೋರಿಸಿದೆ.  ನಾನು ಅಭ್ಯಾಸಬಲದಿಂದ ನೆಲಕ್ಕಿಡಲು ಬಗ್ಗಿದೆ. ಅವಳಿಗೆ ಬಗ್ಗಿ ಎತ್ತಿಕೊಳ್ಳುವುದು ಇನ್ನು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಆಗ ಹೊಳೆಯಿತು. ಅವಳು ಅಂಗೈ ಚಾಚಿದಳು.

"ಕೈಗೇ ಕೊಡು. ಇನ್ಯಾವ್ ಜಗಳ ಆಡೀವು ನಾವು."

ಕೊಡಬೇಕಾಗಿತ್ತು. ಕೈ ಮುಂದಕ್ಕೆ ಹೋಯಿತು, ಅವಳ ಅಂಗೈಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು. ಇನ್ನೊಮ್ಮೆ ಇವಳನ್ನು ನಾನೇ ಕಳಿಸಿದ ಹಾಗಾದರೆ ಎನಿಸಿತು. ನಾನು ಚಾಕುವನ್ನು ಅವಳ ದಿಂಬಿನ ಪಕ್ಕ ಹಾಸಿಗೆಯ ಮೇಲಿಟ್ಟೆ. ಚಿಕ್ಕವ್ವ ಖಾಲಿ ಅಂಗೈಯನ್ನು ಮಡಚಿಕೊಂಡು ನನ್ನ ಮುಖ ನೋಡಿದಳು.

"ನಾನ್ ಅಷ್ಟೆಲ್ಲ ಮಾಡ್ದೆ," ಎಂದಳು, "ನಿನ್ ಭಯ ಮಾತ್ರ ಓಗ್ನೇ ಇಲ್ವಲ್ಲ ಕೂಸೆ."